ಬುದ್ಧಿಹಲ್ಲಿನ ನೋವು: ಕಾಯುವುದು ಬೇರೆ, ಮುಂದೂಡುವುದು ಬೇರೆ

ದೇಹಕ್ಕೆ ಬರುವ ನೋವುಗಳಲ್ಲಿ ಹಲ್ಲುನೋವಿನ ಸ್ವಭಾವವೇ ಬೇರೆ. ಹಗಲಿನಲ್ಲಿ ಕೆಲಸದ ನಡುವೆ ಹೇಗೋ ತಾಳಿಕೊಳ್ಳಬಹುದೆನಿಸುವ ನೋವು, ರಾತ್ರಿ ದೀಪ ಆರಿಸಿ ಮಲಗಿದೊಡನೆ ಇಮ್ಮಡಿಯಾಗಿ ಎದ್ದು ಕೂರಿಸುತ್ತದೆ. ಅದರಲ್ಲಿಯೂ ದವಡೆಯ ಕೊನೆಯಲ್ಲಿ ಮೂಡುವ ಬುದ್ಧಿಹಲ್ಲಿನ ನೋವು ಕಿವಿಗೆ, ಕಪಾಲಕ್ಕೆ, ಗಂಟಲಿಗೆ ಹರಡಿ, ನೋವು ಎಲ್ಲಿಯದೆಂದು ತಿಳಿಯದಂತೆ ಮಾಡುತ್ತದೆ. ಕಿವಿನೋವೆಂದು ಎಣ್ಣೆ ಬಿಟ್ಟುಕೊಂಡು ಬಂದವರನ್ನೂ, ಗಂಟಲುಬೇನೆಯೆಂದು ಕಷಾಯ ಕುಡಿದು ಬಂದವರನ್ನೂ ನಾನು ಕಂಡಿದ್ದೇನೆ. ಬಾಯಿ ತೆರೆಸಿ ನೋಡಿದರೆ ಕೊನೆಯ ಹಲ್ಲಿನ ಮೇಲೆ ಕೆಂಪಗೆ ಊದಿದ ವಸಡು ಕಾಣುತ್ತದೆ.

ಇಂಥವರಲ್ಲಿ ಬಹುಮಂದಿ ಆಯುರ್ವೇದ ವೈದ್ಯನಾದ ನನ್ನಲ್ಲಿಗೆ ಬರುವುದು ಒಂದೇ ಕೋರಿಕೆಯೊಡನೆ: "ಹಲ್ಲು ಕೀಳಿಸದಂತೆ ಏನಾದರೂ ಔಷಧ ಕೊಡಿ." ಈ ಕೋರಿಕೆಯ ಹಿಂದೆ ಆಯುರ್ವೇದದ ಮೇಲಿನ ಗೌರವವಿದೆ, ಅದಕ್ಕೆ ನಾನು ಕೃತಜ್ಞ. ಆದರೆ ಅದೇ ಗೌರವ ತಪ್ಪು ತಿಳಿವಳಿಕೆಯೊಡನೆ ಸೇರಿದಾಗ ಆಗುವ ಹಾನಿಯನ್ನು ಕುರಿತು ಸದ್ಭಕ್ತರೊಡನೆ ನೇರವಾಗಿ ಮಾತನಾಡಬೇಕೆನಿಸಿದೆ.

ಶಾಸ್ತ್ರ ಹೇಳುವುದೇನು?

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಹಲ್ಲಿನ ಬುಡಕ್ಕೆ ಸಂಬಂಧಿಸಿದ ಹದಿನೈದು ರೋಗಗಳ ವಿವರಣೆಯಿದೆ. ಅವುಗಳಲ್ಲಿ ಒಂದು 'ಅಧಿಮಾಂಸ'. ದವಡೆಯ ಕಟ್ಟಕಡೆಯ ಹಲ್ಲಿನಲ್ಲಿ ದೊಡ್ಡ ಬಾವು, ತೀವ್ರವಾದ ನೋವು, ಸುರಿಯುವ ಜೊಲ್ಲು ಇವು ಅದರ ಲಕ್ಷಣಗಳು. ಇಂದಿನ ದಂತವೈದ್ಯರು ಬುದ್ಧಿಹಲ್ಲನ್ನು ಮುಚ್ಚಿಕೊಂಡ ವಸಡಿನ ಉರಿಯೂತವೆಂದು ಗುರುತಿಸುವ ಸ್ಥಿತಿಗೆ ಇದಕ್ಕಿಂತ ಹತ್ತಿರವಾದ ವರ್ಣನೆ ಸಿಗುವುದು ಕಷ್ಟ. 'ವರ್ಧನ'ವೆಂಬ ಇನ್ನೊಂದು ರೋಗದಲ್ಲಿ, ಹೆಚ್ಚಿನ ಹಲ್ಲೊಂದು ಮೂಡುವಾಗ ಅತಿಯಾದ ನೋವಿದ್ದು ಮೂಡಿದ ಮೇಲೆ ಶಮನವಾಗುವುದನ್ನು ಹೇಳಿದೆ.

ಇವುಗಳಿಗೆ ಆಚಾರ್ಯ ಸುಶ್ರುತರು ಹೇಳಿದ ಚಿಕಿತ್ಸೆಯನ್ನು ಗಮನಿಸಬೇಕು. ಅಧಿಮಾಂಸವನ್ನು ಕತ್ತರಿಸಿ ತೆಗೆದು, ಅನಂತರ ಬಜೆ ಮೊದಲಾದ ದ್ರವ್ಯಗಳ ಚೂರ್ಣವನ್ನು ಜೇನಿನೊಡನೆ ಹಚ್ಚಬೇಕೆಂದು ಅವರು ವಿಧಿಸಿದ್ದಾರೆ. ಹೆಚ್ಚಿನ ಹಲ್ಲನ್ನು ಕಿತ್ತು, ಆ ಸ್ಥಳವನ್ನು ಅಗ್ನಿಕರ್ಮದಿಂದ ಸುಡಬೇಕೆಂದಿದ್ದಾರೆ. ಅಂದರೆ ಮೊದಲು ಶಸ್ತ್ರ, ಆಮೇಲೆ ಚೂರ್ಣ. ಆದ್ದರಿಂದ ಆಯುರ್ವೇದವೆಂದರೆ ಶಸ್ತ್ರವನ್ನು ತಪ್ಪಿಸುವ ಉಪಾಯವೆಂದು ಭಾವಿಸುವುದು ಆಯುರ್ವೇದಕ್ಕೇ ಮಾಡುವ ಅನ್ಯಾಯ. ಇಂದು ಅರಿವಳಿಕೆ, ಎಕ್ಸ್-ರೇ, ಶುದ್ಧೀಕರಿಸಿದ ಉಪಕರಣಗಳಿರುವಾಗ ಆ ಶಸ್ತ್ರಕರ್ಮವನ್ನು ದಂತವೈದ್ಯರಿಗೆ ಒಪ್ಪಿಸುವುದೇ ಶಾಸ್ತ್ರಸಮ್ಮತವಾದ ಮಾರ್ಗ.

ನೋವಿನ ಮೂಲ

ಬುದ್ಧಿಹಲ್ಲುಗಳು ಸಾಮಾನ್ಯವಾಗಿ 17ರಿಂದ 25ನೆಯ ವಯಸ್ಸಿನೊಳಗೆ ಮೂಡುತ್ತವೆ. ಆ ವೇಳೆಗೆ ಉಳಿದ 28 ಹಲ್ಲುಗಳು ದವಡೆಯಲ್ಲಿ ತಮ್ಮ ಸ್ಥಾನವನ್ನು ಹಿಡಿದಿರುತ್ತವೆ. ಕೊನೆಗೆ ಬಂದ ಹಲ್ಲಿಗೆ ಸ್ಥಳ ಸಾಲದೆ ಅದು ಓರೆಯಾಗಿ ಅಥವಾ ಅರ್ಧ ಮಾತ್ರ ಹೊರಬರುತ್ತದೆ. ಅದರ ಮೇಲೆ ವಸಡಿನ ಒಂದು ಮಡಿಕೆ ಮುಚ್ಚಳದಂತೆ ಉಳಿಯುತ್ತದೆ. ಆ ಮುಚ್ಚಳದ ಅಡಿಯಲ್ಲಿ ಆಹಾರದ ಕಣ ಸೇರಿ, ಕೊಳೆತು, ಕ್ರಿಮಿಗಳು ಬೆಳೆದು ಬಾವು ಬರುತ್ತದೆ. ಊದಿದ ವಸಡನ್ನು ಮೇಲಿನ ಹಲ್ಲು ಪ್ರತಿ ತುತ್ತಿಗೂ ಕಚ್ಚುವುದರಿಂದ ನೋವು ಮತ್ತಷ್ಟು ಹೆಚ್ಚುತ್ತದೆ. ಬಾವು ಅಗಿಯುವ ಸ್ನಾಯುಗಳವರೆಗೆ ಹರಡಿದರೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ.

ಈ ಕಾಯಿಲೆಗೆ ಏರಿಳಿತವುಂಟು. ನಾಲ್ಕು ದಿನ ಕಾಡಿ ತಾನಾಗಿ ಇಳಿಯುತ್ತದೆ. ಕೆಲವು ತಿಂಗಳ ಬಳಿಕ ಮರಳಿ ಬರುತ್ತದೆ. ನೋವು ಇಳಿದುದನ್ನು ರೋಗ ಹೋಯಿತೆಂದು ಎಣಿಸುವುದೇ ಇಲ್ಲಿನ ದೊಡ್ಡ ಮೋಸ. ಮುಚ್ಚಳ ಹಾಗೆಯೇ ಇರುತ್ತದೆ, ಅದರಡಿಯ ಸಂದು ಹಾಗೆಯೇ ಇರುತ್ತದೆ. ಪಕ್ಕದ ಒಳ್ಳೆಯ ಹಲ್ಲಿಗೂ ಹುಳುಕು ಹತ್ತುವ ಸಂಭವವಿರುತ್ತದೆ.

ಎರಡು ಬಗೆಯ ಕಾಯುವಿಕೆ

ದಂತವೈದ್ಯರಲ್ಲಿಗೆ ಹೋದವರಿಗೂ ಕೂಡಲೇ ಹಲ್ಲು ತೆಗೆಯಲಾಗುವುದೆಂಬ ನಿಯಮವಿಲ್ಲ. ಬಾಯಿ ತೆರೆಯದಷ್ಟು ಬಾವಿದ್ದರೆ ಕೆಲವೊಮ್ಮೆ ಅದನ್ನು ಮೊದಲು ಇಳಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಗೆ ಬರಬೇಕಾಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಸರದಿ ಬರಲು ವಾರಗಳೇ ಹಿಡಿಯಬಹುದು. ಇದು ನ್ಯಾಯವಾದ ಕಾಯುವಿಕೆ. ಇಲ್ಲಿ ರೋಗಿಯನ್ನು ಒಬ್ಬ ವೈದ್ಯರು ನೋಡಿದ್ದಾರೆ, ದಿನ ಗೊತ್ತಾಗಿದೆ.

ಇನ್ನೊಂದು ಬಗೆಯದು ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ, ಜಾತ್ರೆ ಕಳೆಯಲಿ, ಶ್ರಾವಣ ಹೋಗಲಿ ಎಂದು ದೂಡುವುದು. ಇದಕ್ಕೆ ಮನೆಮದ್ದು ನೆಪವಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದ ಯುವ ರೈತರೊಬ್ಬರು ಸುಮಾರು ಮೂರು ವಾರಗಳ ಕಾಲ ಲವಂಗ, ತಂಬಾಕು ಮತ್ತು ಅಂಗಡಿಯ ಮಾತ್ರೆಗಳಲ್ಲಿ ದಿನ ನೂಕಿದ್ದರು. ಬಂದಾಗ ಗದ್ದದ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಬಾವು. ಜೊಲ್ಲು ನುಂಗಲೂ ಆಗುತ್ತಿರಲಿಲ್ಲ. ಯಾವ ಔಷಧವನ್ನೂ ಕೊಡದೆ ಅವರನ್ನು ಅದೇ ಗಳಿಗೆಯಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದೆ. ಕತ್ತಿನಲ್ಲಿ ಕೊಯ್ದು ಕೀವು ತೆಗೆದ ಮೇಲೆ ಅವರು ಉಳಿದರು. ಕೆಳದವಡೆಯ ಹಲ್ಲಿನ ಸೋಂಕು ನಾಲಗೆಯ ಅಡಿಗೆ ಹರಡಿ ಉಸಿರುದಾರಿಯನ್ನೇ ಒತ್ತುವ ಈ ಸ್ಥಿತಿಯನ್ನು ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ್ದು, ಇಂದಿಗೂ ಅದು ಅವರ ಹೆಸರಿನಿಂದಲೇ ಪರಿಚಿತವಾಗಿದೆ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವೆಂಬ ಮಾತು ನಿಜವಲ್ಲ.

ಆದ್ದರಿಂದ ಹಲ್ಲು ತೆಗೆಸುವ ದಿನ ದೂರವಿದ್ದರೂ ಮೊದಲ ಭೇಟಿಯನ್ನು ತಡಮಾಡಬಾರದು. ಆ ಭೇಟಿಯಲ್ಲಿಯೇ ದಂತವೈದ್ಯರು ಮುಚ್ಚಳದಡಿಯ ಕೊಳೆಯನ್ನು ತೊಳೆದು ತೆಗೆಯಬಲ್ಲರು, ಕೀವಿದ್ದರೆ ಹೊರಬಿಡಬಲ್ಲರು, ವಸಡನ್ನು ಕಚ್ಚುತ್ತಿರುವ ಮೇಲಿನ ಹಲ್ಲನ್ನು ಸರಿಪಡಿಸಬಲ್ಲರು. ಎಷ್ಟೋ ಸಲ ಅಷ್ಟರಿಂದಲೇ ಅರ್ಧ ನೋವು ಇಳಿಯುತ್ತದೆ.

ಕಾಯುವ ದಿನಗಳಲ್ಲಿ ಆಚರಿಸಬೇಕಾದುದು

ಮೊದಲನೆಯದು ಶುಚಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಪ್ರತಿ ಆಹಾರದ ನಂತರವೂ ಮಲಗುವ ಮುನ್ನವೂ ಮೆಲ್ಲಗೆ ಬಾಯಿ ಮುಕ್ಕಳಿಸಬೇಕು. ಇದಕ್ಕೆ ಬದಲಾಗಿ ತ್ರಿಫಲಾ ಕಷಾಯವನ್ನೂ ಬಳಸಬಹುದು. ಒಂದು ಚಮಚ ಚೂರ್ಣವನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಒಂದು ಲೋಟಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಿರುವಾಗ ಉಪಯೋಗಿಸಬೇಕು. ನೋವಿದೆಯೆಂದು ಹಲ್ಲುಜ್ಜುವುದನ್ನು ಬಿಡುವುದು ತಪ್ಪು; ಚಿಕ್ಕ ಮಕ್ಕಳ ಮೆದುವಾದ ಬ್ರಷ್ಷಿನಿಂದ ಆ ಭಾಗವನ್ನೂ ಹಗುರವಾಗಿ ಉಜ್ಜಬೇಕು.

ಲವಂಗದೆಣ್ಣೆಯ ಕೀರ್ತಿ ಸುಳ್ಳಲ್ಲ. ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ನೋವನ್ನು ಸ್ವಲ್ಪ ಹೊತ್ತು ಮಂಕಾಗಿಸುತ್ತದೆ. ಆದರೆ ಅದು ತೀಕ್ಷ್ಣವಾದ ದ್ರವ್ಯ. ಒಂದು ತೊಟ್ಟನ್ನು ನಾಲ್ಕೈದು ತೊಟ್ಟು ಕೊಬ್ಬರಿ ಎಣ್ಣೆಗೆ ಬೆರೆಸಿ, ಹತ್ತಿಯಲ್ಲಿ ಅದ್ದಿ, ನೋವಿರುವ ಜಾಗಕ್ಕೆ ಕೆಲವು ನಿಮಿಷ ಮುಟ್ಟಿಸಿ ತೆಗೆಯಬೇಕು. ಶೀಸೆಯಿಂದಲೇ ಸುರಿದುಕೊಂಡರೆ ವಸಡು ಸುಟ್ಟು ಹುಣ್ಣಾಗುತ್ತದೆ. ಮಕ್ಕಳ ಕೈಗೆ ಅದು ಸಿಗಬಾರದು.

ಕೆನ್ನೆಯ ಹೊರಭಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ನೀರಿನ ಚೀಲವನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಮಲಗುವಾಗ ಎರಡು ದಿಂಬುಗಳಿರಲಿ. ಸಮತಟ್ಟಾಗಿ ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ನೋವು ನಾಡಿಯಂತೆ ಮಿಡಿಯುತ್ತದೆ. ಆಹಾರದಲ್ಲಿ ಗಂಜಿ, ಅಂಬಲಿ, ಮೊಸರನ್ನ, ಬೇಳೆಯ ಕಟ್ಟು ಇವು ಹಿತ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಕ್ಕುಲಿ, ಅವಲಕ್ಕಿ ಚೂಡಾ ಇವು ಮುಚ್ಚಳದಡಿಗೆ ಹೋಗಿ ಸೇರುವಂಥವು. ಕೆಲವು ದಿನ ದೂರವಿಡಬೇಕು.

ನೋವು ತಾಳಲಾಗದಿದ್ದರೆ ಮಾತ್ರೆ ನುಂಗುವುದು ಪಾಪವಲ್ಲ. ಯಕೃತ್ತಿನ ತೊಂದರೆಯಿಲ್ಲದ ವಯಸ್ಕರು 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಒಂದು ಅಥವಾ ಎರಡು ಮಾತ್ರೆಗಳನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ದಿನಕ್ಕೆ ಎಂಟನ್ನು ಮೀರಬಾರದು. ಹಲವು ನೋವಿನ ಮಾತ್ರೆಗಳಲ್ಲಿ ಇದೇ ಔಷಧ ಬೇರೆ ಹೆಸರಿನಲ್ಲಿ ಸೇರಿರುವುದರಿಂದ ಎರಡು ಬಗೆಯವನ್ನು ಒಟ್ಟಿಗೆ ನುಂಗುವ ಮುನ್ನ ಪಟ್ಟಿಯ ಮೇಲಿನ ಬರಹವನ್ನು ಓದಿಸಿ ತಿಳಿಯಬೇಕು. ಐಬುಪ್ರೊಫೇನ್ ಈ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆಯಾದರೂ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಾಯಿಲೆ, ಹೃದ್ರೋಗ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಉಪವಾಸದ ಬರಿಹೊಟ್ಟೆಯಲ್ಲಿ ಅದು ಕೂಡದು. ನೋವಿನ ದಿನಗಳಲ್ಲಿ ಉಪವಾಸ ಬಿಟ್ಟರೆ ಭಕ್ತಿಗೆ ಕೊರತೆಯೇನೂ ಬಾರದು. ದೇಹವನ್ನು ದಂಡಿಸುವುದನ್ನು ಶರಣರು ಭಕ್ತಿಯೆಂದು ಒಪ್ಪಲಿಲ್ಲ.

ತಪ್ಪದೆ ಬಿಡಬೇಕಾದುದು

ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬಾರದು. ಎಕ್ಕದ ಹಾಲು, ಸುಣ್ಣ, ಸೀಮೆಎಣ್ಣೆ ಮೊದಲಾದವನ್ನು ಹಲ್ಲಿಗೆ ಹಚ್ಚಬಾರದು. ನೋವಿನ ಮಾತ್ರೆಯನ್ನು ಪುಡಿಮಾಡಿ ವಸಡಿನ ಮೇಲೆ ಇಡಬಾರದು. ಸಂತೆಯಲ್ಲಿ ಕುಳಿತು ಹೊಗೆ ಹಾಕಿ ಹಲ್ಲಿನಿಂದ ಹುಳು ತೆಗೆದು ತೋರಿಸುವವರು ಈಗಲೂ ಇದ್ದಾರೆ; ಹಲ್ಲಿನಲ್ಲಿ ಅಂಥ ಹುಳುಗಳು ಇರುವುದಿಲ್ಲ. ಹೆಸರು, ತಯಾರಕರ ವಿಳಾಸವಿಲ್ಲದ 'ಗಿಡಮೂಲಿಕೆ' ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದು ಪತ್ತೆಯಾಗಿರುವುದುಂಟು. ಸೋಂಕಿರುವಾಗ ಅದು ಬೆಂಕಿಗೆ ಗಾಳಿ ಹಾಕಿದಂತೆ.

ತಂಬಾಕಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎಷ್ಟೋ ತಾಯಂದಿರು ಹಲ್ಲುನೋವಿಗೆಂದು ತಂಬಾಕಿನ ಪುಡಿ ತಿಕ್ಕಲು ಆರಂಭಿಸಿದವರು. ನೋವು ಹೋಯಿತು, ಚಟ ಉಳಿಯಿತು. ಗುಟ್ಕಾ, ಅಡಿಕೆ ಜಗಿಯುವವರಿಗೆ ಬಾಯಿ ತೆರೆಯುವುದು ಕ್ರಮೇಣ ಕಡಿಮೆಯಾಗಿದ್ದರೆ ಅಥವಾ ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಅದು ಬುದ್ಧಿಹಲ್ಲಿನದೆಂದು ತಾವೇ ತೀರ್ಮಾನಿಸಕೂಡದು. ಕ್ಯಾನ್ಸರಿನ ಶಂಕೆ ನಿವಾರಣೆಯಾಗಲೇಬೇಕು.

ಔಷಧದಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ನುಂಗುವ ರೂಢಿಯೂ ಅಷ್ಟೇ ಕೆಟ್ಟದ್ದು. ಮುಚ್ಚಳದಡಿಯ ಕೊಳೆಯನ್ನೂ ಕಟ್ಟಿಕೊಂಡ ಕೀವನ್ನೂ ಮಾತ್ರೆ ಹೊರಹಾಕಲಾರದು. ಸೋಂಕು ಹರಡುತ್ತಿರುವಾಗ, ಜ್ವರವಿರುವಾಗ ಅದು ಬೇಕಾಗುತ್ತದೆ. ಯಾವುದು, ಎಷ್ಟು ದಿನ ಎಂಬುದನ್ನು ನೋಡಿದ ವೈದ್ಯರು ಹೇಳಬೇಕು.

ಕಾಯಬಾರದ ಲಕ್ಷಣಗಳು

ಜ್ವರ ಮತ್ತು ನಡುಕ; ಗದ್ದದ ಅಥವಾ ನಾಲಗೆಯ ಕೆಳಗೆ ಹರಡುವ ಬಾವು; ನುಂಗಲು ಕಷ್ಟ, ಜೊಲ್ಲು ಸೋರುವುದು; ಮಾತು ಗೊಗ್ಗರಾಗುವುದು; ಉಸಿರಾಟಕ್ಕೆ ತೊಂದರೆ; ಕಣ್ಣಿನವರೆಗೆ ಏರಿದ ಊತ; ಎರಡು ಬೆರಳು ಹೋಗದಷ್ಟು ಬಿಗಿದ ಬಾಯಿ. ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ, ನನ್ನಂಥವರ ಚಿಕಿತ್ಸಾಲಯಕ್ಕೆ ಸಮಯ ವ್ಯರ್ಥಮಾಡದೆ, ರಾತ್ರಿಯಾಗಿದ್ದರೂ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಸಿರಾಟದ ತೊಂದರೆಯಿದ್ದರೆ 108ಕ್ಕೆ ಕರೆಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಬೇಗ ಹರಡುತ್ತದೆ, ಸೋಂಕಿನಿಂದ ಸಕ್ಕರೆಯೂ ಏರುತ್ತದೆ. ಅವರು ಇತರರಿಗಿಂತ ಮೊದಲೇ ಎಚ್ಚರಗೊಳ್ಳಬೇಕು.

ಭಯ, ವೆಚ್ಚ ಮತ್ತು ನಮ್ಮ ಹೊಣೆ

ಮುಂದೂಡುವವರನ್ನು ಬರೀ ಅಲಕ್ಷ್ಯದವರೆಂದು ಬೈಯುವುದು ಸರಿಯಲ್ಲ. ಅವರನ್ನು ತಡೆಯುವುದು ಭಯ ಮತ್ತು ಹಣ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆಂಬ ನಂಬಿಕೆ ಇನ್ನೂ ಬಲವಾಗಿದೆ. ಹಲ್ಲಿನ ಸಂವೇದನೆಯ ನರ ಬೇರೆ, ದೃಷ್ಟಿಯ ನರ ಬೇರೆ. ಈ ಭಯಕ್ಕೆ ಆಧಾರವಿಲ್ಲ. ಕೆಳಗಿನ ಬುದ್ಧಿಹಲ್ಲಿನ ಬೇರು ತುಟಿಗೆ ಸಂವೇದನೆ ಕೊಡುವ ನರದ ಸಮೀಪ ಇರಬಹುದೆಂಬುದು ನಿಜ. ಅದಕ್ಕಾಗಿಯೇ ಎಕ್ಸ್-ರೇ ತೆಗೆದು ನೋಡುತ್ತಾರೆ. ಎಲ್ಲ ಬುದ್ಧಿಹಲ್ಲುಗಳನ್ನೂ ಕೀಳಿಸಬೇಕಾಗಿಲ್ಲ. ನೆಟ್ಟಗೆ ಮೂಡಿ, ಶುಚಿಯಾಗಿಡಲು ಬರುವ ಹಲ್ಲನ್ನು ಯಾವ ದಂತವೈದ್ಯರೂ ಸುಮ್ಮನೆ ಕೀಳಬೇಕಾಗಿಲ್ಲ. ಕಾರಣ ಕೇಳುವ ಹಕ್ಕು ರೋಗಿಗಿದೆ.

ಹಣದ ಚಿಂತೆಯುಳ್ಳವರು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗಗಳನ್ನು ಮೊದಲು ವಿಚಾರಿಸಬೇಕು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಲ್ಲದೆ ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿಯೂ ದಂತ ವೈದ್ಯಕೀಯ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ವೆಚ್ಚ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ.

ಮಠಗಳ ಜಾತ್ರೆಗಳಲ್ಲಿ ಕಣ್ಣಿನ ತಪಾಸಣೆ, ರಕ್ತದಾನ ಶಿಬಿರಗಳು ನಡೆಯುವುದು ಸಂತೋಷದ ಸಂಗತಿ. ಅದರ ಪಕ್ಕದಲ್ಲಿ ಒಂದು ದಂತ ತಪಾಸಣೆಯ ಕೊಠಡಿಯೂ ಇರಲಿ ಎಂಬುದು ನನ್ನ ವಿನಂತಿ. ಅಲ್ಲಿ ಹಲ್ಲು ಕೀಳಬೇಕಾಗಿಲ್ಲ. ಬಾಯಿ ನೋಡಿ, ಯಾರಿಗೆ ತುರ್ತಿದೆ, ಯಾರು ಕಾಯಬಹುದು ಎಂದು ಹೇಳಿ ಚೀಟಿ ಬರೆದುಕೊಟ್ಟರೂ ಸಾಕು. ಹದಿನೆಂಟು ಇಪ್ಪತ್ತರ ವಿದ್ಯಾರ್ಥಿಗಳಿರುವ ಪ್ರಸಾದನಿಲಯಗಳಲ್ಲಿ ಇದು ವರ್ಷಕ್ಕೊಮ್ಮೆ ನಡೆದರೆ, ಪರೀಕ್ಷೆಯ ಹಿಂದಿನ ರಾತ್ರಿ ಕೆನ್ನೆ ಹಿಡಿದು ಕೂರುವ ಎಷ್ಟೋ ಮಕ್ಕಳ ಸಂಕಟ ತಪ್ಪೀತು.

ಲವಂಗ, ಉಪ್ಪುನೀರು, ತ್ರಿಫಲಾ ಇವು ದಂತವೈದ್ಯರ ಬಾಗಿಲವರೆಗೆ ನಮ್ಮನ್ನು ನಡೆಸಿಕೊಂಡು ಹೋಗುವ ಊರುಗೋಲುಗಳು. ಅವನ್ನು ಹಿಡಿದು ನಡೆಯಬೇಕು. ಹಿಡಿದುಕೊಂಡು ದಾರಿಯಲ್ಲಿಯೇ ಕುಳಿತುಬಿಡಬಾರದು. ಈ ಲೇಖನ ಓದುತ್ತಿರುವವರ ಮನೆಯಲ್ಲಿ ಯಾರಾದರೂ ಕೆನ್ನೆಗೆ ಕೈಯಿಟ್ಟು ಕುಳಿತಿದ್ದರೆ, ನಾಳೆಯೇ ದಂತವೈದ್ಯರಲ್ಲಿ ಅವರಿಗೊಂದು ದಿನ ಗೊತ್ತುಮಾಡಿಸಿರಿ.