ದೊಡ್ಡ ದೋಣಿ ಯಾರ ಮರ್ಯಾದೆಗೆ?

ನನ್ನ ಭಾವ ಈ ವರ್ಷ ದೋಣಿ ತಗೊಳ್ಳಲೇಬೇಕು. ಹಳೇ ಫೈಬರ್ ದೋಣಿಯ ತಳ ಎರಡು ಸಲ ಒಡೆದು ಎರಡು ಸಲ ತೇಪೆ ಕಂಡಿದೆ. ಅಳಿವೆಯ ಆಚೀಚೆ ಇಬ್ಬರೇ ಹೋಗಿ ಕಂತಬಲೆ ಬಿಡುವ ಸಣ್ಣದು ತಗೊಳ್ಳೋದಾ, ಆರೇಳು ಜನ ಹತ್ತುವ, 25 ಎಚ್‌ಪಿ ಎಂಜಿನ್ ಕೂರಿಸುವ ದೊಡ್ಡದಾ? ಮನೆಯಲ್ಲಿ, ಬಂದರಿನಲ್ಲಿ, ಸಾಲ ಕೊಡುವವರಲ್ಲಿ ಎಲ್ಲರದ್ದೂ ಒಂದೇ ಮಾತು: "ಹೇಗೂ ತಗೊಳ್ತೀಯಲ್ಲ, ದೊಡ್ಡದೇ ತಗೋ ಮಾರಾಯ."

ಈ ಮಾತು ನನಗೆ ಒಪ್ಪಿಗೆ ಇಲ್ಲ. ಸಿಟ್ಟೂ ಇದೆ.

ದೋಣಿಗೆ ದುಡ್ಡು ಕೊಡೋದು ಒಂದು ಸಲ, ಎಂಜಿನ್ ಕುಡಿಯೋದು ದಿನಾ. 10 ಎಚ್‌ಪಿ ಔಟ್‌ಬೋರ್ಡ್ ಪೂರ್ತಿ ವೇಗದಲ್ಲಿ ಗಂಟೆಗೆ ಹೆಚ್ಚುಕಡಿಮೆ 4 ಲೀಟರ್ ಕುಡಿದರೆ, 25 ಎಚ್‌ಪಿಯದು 10 ಲೀಟರ್ ಹತ್ತಿರ ಹೋಗುತ್ತದೆ. ಸಬ್ಸಿಡಿ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಸಿಗದ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಸಿಗದ ದಿನ ಪೆಟ್ರೋಲ್ ಹಾಕಿ ಹೋಗಿ, ಬುಟ್ಟಿ ಖಾಲಿ ಬಂದರೂ ಆರು ಜನರ ಮುಖ ನೋಡಬೇಕು. ಇಬ್ಬರ ದೋಣಿಯಲ್ಲಿ ಆ ನಷ್ಟ ಮನೆಯೊಳಗೇ ಮುಗಿಯುತ್ತದೆ.

ಇನ್ನು ಮಳೆಗಾಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಎಚ್‌ಪಿಗಿಂತ ದೊಡ್ಡ ಎಂಜಿನಿನ ನಾಡದೋಣಿಗೂ ಅದೇ ನಿಯಮ. ಅಂದರೆ ಮೀನಿಗೆ ಒಳ್ಳೇ ರೇಟು ಇರುವ ಹೊತ್ತಿನಲ್ಲಿ ಸಣ್ಣ ದೋಣಿ ನೀರಲ್ಲಿ, ದೊಡ್ಡದು ತಾಡಪಾಲಿನ ಕೆಳಗೆ. ಸಾಲದ ಕಂತಿಗೆ ಮಾತ್ರ ರಜೆ ಇಲ್ಲ. ದೊಡ್ಡದು ತಗೋ ಅಂದವರಲ್ಲಿ ಒಬ್ಬರೂ ಭಾವನಿಗೆ ಇದನ್ನು ಹೇಳಿಲ್ಲ.

"ಮೀನು ಬಿದ್ದರೆ ಒಂದೇ ದಿನದಲ್ಲಿ ವಸೂಲು" ಅನ್ನುತ್ತಾರೆ. ಬಿದ್ದರೆ! ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನಷ್ಟು. ಸಮುದ್ರ ಅದೇ, ದೋಣಿಗಳೂ ಇದ್ದವು. ನಮ್ಮ ಅಪ್ಪನೂ ಹೀಗೇ ಅಮ್ಮನ ಬಳೆ ಅಡವಿಟ್ಟು ದೊಡ್ಡ ದೋಣಿ ಇಳಿಸಿದವರು. ಐದನೇ ವರ್ಷ ದೋಣಿ ಮಾರಿದೆವು, ಬಳೆ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಆಮೇಲೆ ಅಪ್ಪ ಬೇರೆಯವರ ದೋಣಿಯಲ್ಲಿ ಪಾಲಿಗೆ ಹೋದರು.

ಮೊನ್ನೆ ಒಬ್ಬ ಹುಡುಗ ಯೂಟ್ಯೂಬಿನಲ್ಲಿ ಅಮೆರಿಕದ ಅಲ್ಯೂಮಿನಿಯಂ ದೋಣಿ ತೋರಿಸಿ, "ಹಗುರ, ತುಕ್ಕು ಹಿಡಿಯಲ್ಲ, ಇದನ್ನೇ ದೊಡ್ಡದಾಗಿ ಮಾಡಿಸಿದರೆ?" ಅಂದ. ಅವು ಹೆಚ್ಚಾಗಿ ಸಿಹಿನೀರಿನ ಕೆರೆಯಲ್ಲಿ ಭಾನುವಾರ ಗಾಳ ಹಾಕುವವರ ದೋಣಿ. ಉಪ್ಪುನೀರಲ್ಲಿ ಅಲ್ಯೂಮಿನಿಯಂಗೆ ತಾಮ್ರವೋ ಸ್ಟೀಲೋ ತಾಗಿಕೊಂಡಿದ್ದರೆ ಆ ಜಾಗ ತಿಂದುಹೋಗುತ್ತದೆ. ಅದಕ್ಕೆ ಬೆಸುಗೆ ಹಾಕುವವನನ್ನು ಎಲ್ಲಿಂದ ತರೋದು? ಫೈಬರ್ ತೇಪೆ ನಮ್ಮ ಭಾವನೇ ಹಾಕುತ್ತಾನೆ.

ಒಂದು ಮಾತು ಒಪ್ಪುತ್ತೇನೆ. ಮಳೆಗಾಲದ ಅಳಿವೆ ಬಾಯಲ್ಲಿ ಸಣ್ಣ ದೋಣಿ ಮಗುಚುತ್ತದೆ, ಜನ ಸತ್ತಿದ್ದಾರೆ. ನಿಷೇಧ ಇಲ್ಲ ಅಂದಮಾತ್ರಕ್ಕೆ ಕಡಲು ಬಾ ಅಂದಿದೆ ಅಂತಲ್ಲ. ಅಕ್ಕನ ಹೆದರಿಕೆ ಇದೇ, ಅವಳು ದೊಡ್ಡದು ಅನ್ನೋದೂ ಇದಕ್ಕೇ. ಅವಳ ಮುಂದೆ ನನ್ನ ವಾದ ಸ್ವಲ್ಪ ಸಣ್ಣದಾಗುತ್ತದೆ. ಆದರೆ ಆ ಬಾಯಲ್ಲಿ ದೊಡ್ಡ ನಾಡದೋಣಿಯೂ ಮಗುಚುತ್ತದೆ, ಅದರಲ್ಲಿ ಇರೋದು ಆರು ಜನ. ಉಳಿದ ದುಡ್ಡಲ್ಲಿ ಎರಡು ಒಳ್ಳೇ ಲೈಫ್ ಜಾಕೆಟ್ ತಗೊಂಡು, ಹಾಕಿಕೊಂಡೇ ಹೋಗಲಿ. ಹವಾಮಾನ ಎಚ್ಚರಿಕೆ ಬಂದ ದಿನ ಒಳಗಿನ ಹೊಳೆಯಲ್ಲೇ ಬಲೆ ಬಿಡಲಿ. ಸಣ್ಣ ದೋಣಿಗೆ ಹೊಳೆಯೂ ಇದೆ, ದೊಡ್ಡದಕ್ಕೆ ಅದೂ ಇಲ್ಲ.

ಸೋಮವಾರ ಭಾವ ಸಾಲದ ಅರ್ಜಿಗೆ ಸಹಿ ಹಾಕಲು ಹೋಗುತ್ತಾನಂತೆ. ಅಡವಿಗೆ ಅಕ್ಕನ ಸರ ತೆಗೆದಿಟ್ಟಿದ್ದಾಳೆ. ಭಾನುವಾರ ಸಂಜೆ ನಾನು ಅವರ ಮನೆಗೆ ಹೋಗ್ತಿದ್ದೇನೆ.