ಬಸ್ ಕೊಡಿ! ಕಾರಿನ ಸಾಲ ನಮಗೆ ಬೇಡ!

ಕೂಡಲಸಂಗಮ, ಹುನಗುಂದ, ಇಳಕಲ್, ಬಾದಾಮಿಯ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ!

ಬೆಳಿಗ್ಗೆ ಸಂಗಮ ಕ್ರಾಸಿಗೆ ಬಂದು ನಿಂತು ನೋಡಿ. ಕಾಲೇಜಿನ ಹುಡುಗಿಯರು, ದವಾಖಾನೆಗೆ ಹೊರಟ ಮುದುಕರು, ಸೀರೆ ಗಂಟು ಹಿಡಿದ ನೇಕಾರರು. ಬಸ್ ಬರುತ್ತದೆ. ಬಾಗಿಲಲ್ಲೇ ಜನ ಜೋತಾಡುತ್ತಿರುತ್ತಾರೆ. ಕೈ ಮಾಡಿದರೂ ನಿಲ್ಲದೆ ಹೋಗುತ್ತದೆ! ಅದರ ಹಿಂದೆ ಒಬ್ಬೊಬ್ಬರೇ ಕೂತ ಕಾರುಗಳ ಸಾಲು. ಹೊಗೆ, ಧೂಳು ಯಾರ ಮೂಗಿಗೆ? ನಿಂತವರ ಮೂಗಿಗೆ!

ಹುಡುಗಿಗೆ ಮೊದಲ ಪಿರಿಯಡ್ ತಪ್ಪಿತು. ಮುದುಕಪ್ಪನಿಗೆ ದವಾಖಾನೆಯಲ್ಲಿ ಚೀಟಿ ಮಾಡಿಸುವ ಹೊತ್ತು ಮೀರಿತು. ಗ್ರಾನೈಟ್ ಕೆಲಸದವನಿಗೆ ಅರ್ಧ ದಿನದ ಪಗಾರ ಹೋಯಿತು. ಟಂಟಂ ಹತ್ತಿದರೆ ಕಾಲು ಹೊರಗೆ, ಜೀವ ಅಂಗೈಯಲ್ಲಿ!

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತು. ಒಳ್ಳೆಯದೇ ಆಯಿತು! ಆದರೆ ಬರದ ಬಸ್ಸಿಗೆ ಪುಕ್ಕಟೆ ಟಿಕೆಟ್ ಇದ್ದು ಏನು ಮಾಡೋಣ? ನೂಕುನುಗ್ಗಲಿಗೆ ಹೆಣ್ಣುಮಕ್ಕಳನ್ನು ಬೈಯಬೇಡಿ. ಬಸ್ ಬಿಡದವರನ್ನು ಕೇಳಿ!

2025ರ ಜನವರಿ 5ರಿಂದ ಬಸ್ ದರ ಶೇ 15 ಏರಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ! ಬಸ್ ಖರೀದಿಯ ಜಿಎಸ್‌ಟಿಯೂ ಅಷ್ಟೇ ಇಳಿದಿದೆ. ಹಾಗಾದರೆ ಆ ಉಳಿತಾಯದಲ್ಲಿ ನಮಗೆ ಹೊಸ ಬಸ್ ಬರಲಿ!

ಬಸ್ ಸಿಗುವುದಿಲ್ಲ ಅಂತಲೇ ನಮ್ಮ ಹುಡುಗರು ಸಾಲ ಮಾಡಿ ಗಾಡಿ ತರುತ್ತಾರೆ. ತಿಂಗಳು ತಿಂಗಳು ಕಂತು. ಕಂಪನಿಗೆ ಒಬ್ಬ ಗಿರಾಕಿ ಸಿಕ್ಕ, ಬಸ್ಸಿಗೆ ಒಬ್ಬ ಪ್ರಯಾಣಿಕ ಕಡಿಮೆಯಾದ. ಆಮೇಲೆ ‘ಈ ರೂಟ್ ಲಾಸು’ ಅಂತ ಇದ್ದ ಬಸ್ಸೂ ನಿಲ್ಲುತ್ತದೆ. ಆಗ ಇನ್ನೊಬ್ಬನೂ ಸಾಲಕ್ಕೆ ಬೀಳಬೇಕು! ಕಾರು ಇದ್ದವರೇ, ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಕಂತು ಕಟ್ಟಿ ಸೋತವರು ನೀವೇ. ನೀವೂ ನಮ್ಮ ಜೊತೆ ಬನ್ನಿ!

ಕಾರು ಓಡಲು ಹುನಗುಂದ–ಹೊಸಪೇಟೆ ಹೆದ್ದಾರಿ ನಾಲ್ಕು ಪಥವಾಗಿ ವರ್ಷಗಳೇ ಕಳೆದವು. ಆದರೆ 2010-11ರಲ್ಲಿ ಮಂಜೂರಾದ 142 ಕಿ.ಮೀ. ಬಾಗಲಕೋಟೆ–ಕುಡಚಿ ರೈಲು ಹದಿನೈದು ವರ್ಷವಾದರೂ ಕುಡಚಿ ಮುಟ್ಟಲಿಲ್ಲ!

ಐವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ಒಂದೇ ಎಂಜಿನ್ನಿನ ಹೊಗೆ. ಇಬ್ಬಿಬ್ಬರಂತೆ ಕಾರಿನಲ್ಲಿ ಹೋದರೆ 25 ಎಂಜಿನ್! ಈ ಹೊಗೆ ಭೂಮಿಯನ್ನು ಕಾಯಿಸುತ್ತದೆ, ಭೂಮಿ ಕಾದಷ್ಟೂ ಹುಚ್ಚು ಮಳೆ ಹೆಚ್ಚು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದ್ದು ಮರೆತಿರಾ? ಅಂಥ ಪ್ರವಾಹದಲ್ಲಿ ಮೊದಲು ಬೀಳುವುದು ಮಣ್ಣಿನ ಮನೆ. ಆ ಮನೆಯ ಮುಂದೆ ಕಾರು ನಿಂತಿರುವುದಿಲ್ಲ!

ಕಾಯಕದವರನ್ನು ಸರಿಸಮ ಕೂಡಿಸಿದ ಬಸವಣ್ಣ ಐಕ್ಯನಾದ ನೆಲ ನಮ್ಮ ಕೂಡಲಸಂಗಮ. ಇಲ್ಲಿಗೆ ನಡೆದು ಬರುವ ಭಕ್ತರು ಕಾರಿಗೆ ಹೆದರಿ ರಸ್ತೆ ಬಿಟ್ಟು ಇಳಿಯಬೇಕೇ?

ನಮಗೆ ಬೇಕಾದದ್ದು ಇಷ್ಟೇ. ಶಾಲೆ, ಕಾಲೇಜಿನ ಹೊತ್ತಿಗೆ ತಪ್ಪದೆ ಬಸ್. ಕತ್ತಲಾದ ಮೇಲೂ ಊರಿಗೆ ಒಂದು ಬಸ್. ಸಂಗಮದಲ್ಲಿ ಶರಣಮೇಳ ನಡೆಯುವ ದಿನಗಳಲ್ಲಿ ಕಾರುಗಳು ಕ್ರಾಸಿನಲ್ಲೇ ನಿಲ್ಲಲಿ, ಅಲ್ಲಿಂದ ಸಂಗಮಕ್ಕೆ ಬಸ್ ಓಡಲಿ!

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ಠರಾವು ಪಾಸು ಮಾಡಿಸೋಣ. ಅದನ್ನು ಹಿಡಿದು ಡಿಪೋಕ್ಕೆ, ಶಾಸಕರ ಬಾಗಿಲಿಗೆ, ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ಉತ್ತರ ಬರುವ ತನಕ ಹೋಗುತ್ತಲೇ ಇರೋಣ!

ಈ ಚೀಟಿ ಓದಿ ಬಿಸಾಡಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ನಿಂತವರ ಕೈಗೆ ಕೊಡಿ!