ಹನಿ ಅಂದರೆ ಎಲ್ಲಾ ಒಂದೇ ಹನಿಯೇ?

"ಮಗುವಿನ ಜ್ವರದ ಔಷಧಿಯ ಫಿಲ್ಲರ್ ಒಡೆದುಹೋಗಿದೆ. ವಿಟಮಿನ್ ಬಾಟಲಿಯದು ಮನೆಯಲ್ಲಿದೆ. ಅದರಲ್ಲೇ ಹನಿ ಎಣಿಸಿ ಹಾಕಬಹುದೇ?" ಎಂದು ಟಿ. ನರಸೀಪುರದ ಸೋದರಿಯೊಬ್ಬರು ಕೇಳಿದ್ದಾರೆ. ಬೇಡಮ್ಮ, ಖಂಡಿತ ಬೇಡ. ಯಾಕೆ ಅಂತ ಹೇಳ್ತೀನಿ.

ನಿಮ್ಮೂರ ಸಂಗಮದಲ್ಲಾಗಲಿ, ನಮ್ಮ ನಂಜನಗೂಡಿನ ಕಪಿಲೆಯಲ್ಲಾಗಲಿ, ದಡದ ನಿಂತ ನೀರಿನ ಮೇಲೆ ಉದ್ದ ಕಾಲಿನ ಹುಳುಗಳು ಮುಳುಗದೆ ಓಡಾಡುವುದನ್ನು ನೋಡಿರುತ್ತೀರಿ. ನೀರಿನ ಮೇಲ್ಭಾಗ ಬಿಗಿದು ಕಟ್ಟಿದ ಬಟ್ಟೆಯ ಹಾಗೆ ಎಳೆದುಕೊಂಡಿರುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಫಿಲ್ಲರಿನ ತುದಿಯಲ್ಲಿ ಹನಿಯನ್ನು ಹಿಡಿದು ನಿಲ್ಲಿಸುವುದೂ ಇದೇ. ಎಳೆತ ಹೆಚ್ಚಿದ್ದರೆ ಹನಿ ದಪ್ಪಗೆ ಬೀಳುತ್ತದೆ, ಕಡಿಮೆಯಿದ್ದರೆ ಸಣ್ಣಗೆ.

ಕಣ್ಣಾರೆ ನೋಡಬೇಕೇ? ಬೇಡವಾದ ಒಂದು ಹಳೇ ಫಿಲ್ಲರಿನಲ್ಲಿ 1 ಮಿ.ಲೀ. ಗುರುತಿನವರೆಗೆ ನೀರು ತುಂಬಿ, ನೆಟ್ಟಗೆ ಹಿಡಿದು, ನಿಧಾನವಾಗಿ ಬಿಡುತ್ತಾ ಹನಿ ಎಣಿಸಿ. ಆಮೇಲೆ ಅದರಲ್ಲೇ ಅಷ್ಟೇ ಸೋಪಿನ ನೀರು ತುಂಬಿ ಎಣಿಸಿ. ಅಳತೆ ಒಂದೇ ಆದರೂ ಸೋಪಿನ ನೀರಿಗೆ ಹನಿ ಜಾಸ್ತಿ ಬರುತ್ತದೆ. ಸೋಪು ನೀರಿನ ಎಳೆತವನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಬಲ್ಲದು. ಸೀಗೇಕಾಯಿ ನೀರೂ ಎಳೆತ ಇಳಿಸುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲೂ ಹೀಗೆ ಹನಿ ಎಣಿಸಿ ಎಳೆತ ಅಳೆಯುವ ಕ್ರಮವಿದೆ.

ಅಡಿಗೆಮನೆಯಲ್ಲಿ ಇಂಥ ಅಳತೆಯೇ ಎಂದು ನಗಬೇಡಿ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಕಾಯಿಲೆಯ ತಂದೆತಾಯಿಯನ್ನು ನೋಡಿಕೊಳ್ಳುತ್ತಾ, ಮನೆಯಲ್ಲೇ ಒಂದು ತಗಡಿನ ತೊಟ್ಟಿ, ತಕ್ಕಡಿ, ಗುಂಡಿ ಇಟ್ಟುಕೊಂಡು, ನೀರಿನಿಂದ ಗುಂಡಿಯನ್ನು ಕೀಳಲು ಎಷ್ಟು ತೂಕ ಬೇಕೆಂದು ನೋಡಿ ಎಳೆತ ಅಳೆದರು. ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಗೆ ಆಕೆ ಬರೆದ ಪತ್ರ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು!

ಈಗ ಔಷಧಿಯ ಮಾತು. ಸುಮಾರು 20 ಹನಿ ನೀರಿಗೆ 1 ಮಿ.ಲೀ. ಎಂಬುದು ಲೆಕ್ಕ. ಆದರೆ ಔಷಧಿ ಬರೀ ನೀರಲ್ಲವಲ್ಲ. ಒಂದರಲ್ಲಿ ಸಕ್ಕರೆ ಪಾಕ, ಇನ್ನೊಂದರಲ್ಲಿ ಎಣ್ಣೆ, ಮತ್ತೊಂದರಲ್ಲಿ ಮದ್ಯಸಾರ. ಫಿಲ್ಲರುಗಳ ತುದಿಯೂ ಒಂದೇ ಗಾತ್ರವಲ್ಲ. ಆದ್ದರಿಂದ ಹತ್ತು ಹನಿ ಅಂದರೆ ಎಲ್ಲಾ ಕಡೆ ಒಂದೇ ಪ್ರಮಾಣವಲ್ಲ. ದೊಡ್ಡವರಿಗೆ ನಡೆದೀತು, ಎಳೆಗೂಸಿಗೆ ನಡೆಯುವುದಿಲ್ಲ.

ಡಾಕ್ಟರು "ಇಷ್ಟು ಹನಿ" ಎಂದರೆ, "ಎಷ್ಟು ಮಿ.ಲೀ. ಡಾಕ್ಟ್ರೇ?" ಎಂದು ಕೇಳಿ ಬಾಟಲಿಯ ಮೇಲೇ ಬರೆದಿಡಿ. ಆ ಔಷಧಿಗೆ ಅದರದೇ ಫಿಲ್ಲರ್ ಇರಲಿ. ಒಡೆದರೆ ಔಷಧಿ ಅಂಗಡಿಯಿಂದ ಮಿ.ಲೀ. ಗುರುತಿನ, ಸೂಜಿ ಇಲ್ಲದ ಸಿರಿಂಜು ತಂದುಕೊಳ್ಳಿ. ನಾಲ್ಕು ಕಾಸಿನ ವಸ್ತು, ಮಗುವಿನ ವಿಷಯದಲ್ಲಿ ಜಿಪುಣತನ ಬೇಡ.